ಒತ್ತುಮಣೆಯಲ್ಲಿ ಚಂಗಲಕೋಷ್ಟ

ಕೆಲಸಕ್ಕೆ ಸೇರುವಾಗ ಕೇಳಿದ್ದು ಒಂದೇ ಪ್ರಶ್ನೆ:
ಸೂಜಿಗೆ ದಾರ ಪೋಣಿಸಲು ಬರುತ್ತದೆಯೇ, ರಾಚಪ್ಪ?
ಬರುತ್ತಿತ್ತು. ಅಪ್ಪ ಮಂಡಿ ಮೊಹಲ್ಲಾದಲ್ಲಿ ಗೋಣಿಚೀಲ ಹೊಲಿಯುತ್ತಿದ್ದರು.
ಅಂದಿನಿಂದ ಗಂಗೋತ್ರಿಯ ಮಹಡಿಯ ಕೋಣೆಯಲ್ಲಿ
ಸತ್ತ ಗಿಡಗಳನ್ನು ಬಿಳಿ ರಟ್ಟಿಗೆ ಹೊಲಿಯುತ್ತಿದ್ದೇನೆ,
ಬೇರು ಕೆಳಗೆ, ಹೂ ಮೇಲೆ, ಬಲಮೂಲೆಯಲ್ಲಿ ಚೀಟಿ.
ಮೈಗೆಲ್ಲ ನುಸಿಗುಳಿಗೆಯ ವಾಸನೆ;
ಮನೆಯ ಬೆಕ್ಕೂ ಹತ್ತಿರ ಸುಳಿಯುವುದಿಲ್ಲ.

ಎಲ್ಲ ಗಿಡವೂ ಮಲಗುತ್ತದೆ. ಇದೊಂದು ಮಲಗಲಿಲ್ಲ.

ಕಾಕನಕೋಟೆಯ ಕಾಡಿನಲ್ಲಿ, ಬಳ್ಳೆಯ ಹತ್ತಿರ,
ಬಿದಿರುಮೆಳೆಯ ನೆರಳಿಗೆ, ಹಳ್ಳದ ಅಂಚಿಗೆ,
ನನ್ನೆದೆಯ ಎತ್ತರಕ್ಕೆ ನಿಂತಿತ್ತು.
ನೇರ ಬೆಳೆಯುವುದು ಗೊತ್ತಿಲ್ಲದ ಕಾಂಡ:
ಒಂದು ಎಲೆ, ತುಸು ಪಕ್ಕಕ್ಕೆ ಸರಿದು ಇನ್ನೊಂದು,
ಮತ್ತೆ ಸರಿದು ಮತ್ತೊಂದು,
ಗೋಪುರದೊಳಗಿನ ಸುತ್ತುಮೆಟ್ಟಿಲ ಹಾಗೆ.
ಎಲೆಯಡಿಯ ನವಿರು, ಎಳೆಗರುವಿನ ಕಿವಿ.
ತುದಿಯಲ್ಲಿ ಕೆಂಪು ಚಿಪ್ಪುಗಳ ಗೊಂಡೆ,
ಸಂದಿಯಿಂದ ಇಣುಕಿದ ಒಂದೇ ಒಂದು ಬಿಳಿ ಹೂ,
ಇಸ್ತ್ರಿ ಕಾಣದ ಮಲ್ಲಿನಂತೆ ಸುಕ್ಕುಸುಕ್ಕು.
ಬೆಳಿಗ್ಗೆ ಬಿರಿದದ್ದು ಸಂಜೆಗೆ ತೊಯ್ದ ಕಾಗದ.
ಸಿಹಿ ಹೂವಿನೊಳಗಷ್ಟೇ ಅಲ್ಲ, ಚಿಪ್ಪಿನ ಹೊರಮೈಯಲ್ಲೂ;
ಅಲ್ಲಿ ಇರುವೆಗಳ ಕಾವಲು, ಸಂಬಳ ಅಲ್ಲೇ ಬಟವಾಡೆ.

ನಸ್ರೀನ್ ಮೇಡಂ ಮಂಡಿಯೂರಿ ಕೂತು
"ಎಡಸುತ್ತೋ ಬಲಸುತ್ತೋ, ಬರೆದುಕೊ" ಅಂದರು.
ಬುಡದಿಂದ ನೋಡಿದೆ, ಬಲ. ತುದಿಯಿಂದ ಬಗ್ಗಿ ನೋಡಿದೆ, ಬಲವೇ.
ತಿರುಪುಮೊಳೆಗೆ ತಲೆಕೆಳಗಾಗುವುದು ಗೊತ್ತಿಲ್ಲ.
ದಾರಿ ತೋರಲು ಬಂದ ಹಾಡಿಯ ಬೊಳ್ಳಿ ನಕ್ಕಳು:
"ಒಂದರ ನೆಳ್ಳು ಇನ್ನೊಂದರ ಮೇಲೆ ಬೀಳಬಾರದಲ್ಲ, ಅದಕ್ಕೇ ಸರೀತದೆ."

ಆ ರಾತ್ರಿ ನನ್ನ ಎಡಗಿವಿಯಲ್ಲಿ ಕಬ್ಬಿಣ ಕಾಯಿಸಿದ ನೋವು.
ಬೊಳ್ಳಿ ಕಾಂಡವನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ,
ಬೆಚ್ಚಗಿನ ನಾಲ್ಕು ಹನಿ ಬಿಟ್ಟಳು.
ಒಳಗೆಲ್ಲೋ ಹಳ್ಳ ಹರಿದ ಸದ್ದು. ನಿದ್ದೆ.
ಗುಣವಾಯಿತೋ, ನೋವೇ ಬೇಸತ್ತು ಎದ್ದುಹೋಯಿತೋ,
ಮೇಡಂ ಬರೆದದ್ದು ಒಂದೇ ಪದ: ಬಳಸುತ್ತಾರೆ.
ಬೆಳಿಗ್ಗೆ ಗೆಡ್ಡೆ ಅಗೆದಾಗ ಬೊಳ್ಳಿ ಅಂದಳು,
ಬಸುರಿ ಹೆಂಗಸರ ಕೈಗೆ ಇದನ್ನ ಕೊಡಾಕಿಲ್ಲ.
ಮೇಡಂ ಅಂದರು, ಡಯೋಸ್‌ಜೆನಿನ್ ಇದೆ,
ಗರ್ಭ ತಡೆಯುವ ಮಾತ್ರೆಗೆ ಅದೇ ಮೂಲ.
ನಾನು ಇಬ್ಬರ ನಡುವೆ ಚೀಲದ ಬಾಯಿ ಹಿಡಿದು ನಿಂತಿದ್ದೆ.

ಹಳೇ ಪತ್ರಿಕೆಯ ನಡುವೆ ಇಟ್ಟು ಹಲಗೆ ಬಿಗಿದೆ.
ಸುತ್ತು ಚಪ್ಪಟೆಯಾಗಲು ಒಪ್ಪದೆ ಕಾಂಡವನ್ನು ಉದ್ದಕ್ಕೆ ಸೀಳಿದೆ.
ದಿನವೂ ಕಾಗದ ಬದಲಿಸಿದೆ. ಹನ್ನೊಂದನೆಯ ದಿನ ತೆರೆದರೆ
ಸಗಟು ಮಾರುಕಟ್ಟೆ ದರದ ಪುಟದಲ್ಲಿ,
ಈರುಳ್ಳಿಗೂ ಬೆಳ್ಳುಳ್ಳಿಗೂ ನಡುವೆ,
ಗೆಡ್ಡೆಯಿಂದ ಹೊರಟ ಒಂದು ಬಿಳಿ ಮೊಳಕೆ.

"ಕುದಿನೀರಿಗೆ ಅದ್ದು" ಅಂದರು ಮೇಡಂ. ನಿಯಮ ಅದೇ.
ಅದ್ದಿದೆ, ಅರ್ಧವನ್ನು.
ಉಳಿದರ್ಧ ಈಗ ಕಟ್ಟಡದ ಹಿಂದೆ, ಸೋರುವ ನಲ್ಲಿಯ ಬುಡದಲ್ಲಿ.
ಮೇಡಂ ನೋಡಿದ್ದಾರೆ.
ನಲ್ಲಿ ರಿಪೇರಿಯ ಅರ್ಜಿಗೆ ಇನ್ನೂ ಸಹಿ ಹಾಕಿಲ್ಲ.

ಕುಕ್ಕರಹಳ್ಳಿ ಕೆರೆ ಸುತ್ತಿ ಬರುವವರು
ಇನ್ಸುಲಿನ್ ಗಿಡವೆಂದು ಎಲೆ ಕಿತ್ತು ಅಗಿಯುತ್ತಾರೆ.
ಇದಲ್ಲ ಸಾರ್, ಅದು ಬ್ರೆಜಿಲಿನದು, ಕಿತ್ತಳೆ ಹೂವಿನದು,
ಇದರ ದಾಯಾದಿ, ಅನ್ನುತ್ತೇನೆ.
"ಇರಲಿ ಬಿಡಯ್ಯ, ಒಂದೇ ಮನೆತನ ತಾನೆ."
ಮುಖ ಕಿವಿಚಿಕೊಂಡು ನಡೆಯುತ್ತಾರೆ;
ಗಿಡದಲ್ಲಿ ಒಂದು ಮೆಟ್ಟಿಲು ಖಾಲಿ.

ನಿನ್ನೆ ಊಟದ ಡಬ್ಬಿ ತೊಳೆಯಲು ಹೋದಾಗ
ಮೊದಲ ಕೆಂಪು ಚಿಪ್ಪು ಕಂಡಿತು.
ಕಾಡಿನವಲ್ಲ, ನಮ್ಮ ಕ್ಯಾಂಟೀನಿನ ಇರುವೆಗಳೇ
ಸಕ್ಕರೆ ಡಬ್ಬಿ ಬಿಟ್ಟು ಸಾಲುಹಿಡಿದು ಏರುತ್ತಿದ್ದವು,
ಒಂದೂ ನೇರ ಏರಲಿಲ್ಲ.